ಮಕ್ಕಳಿಗೆ ಪರಿಸರದ ಪಾಠ ಸಾಕು, ಮನೆಯಲ್ಲೊಂದು ಖಾತೆ ಕೊಡಿ

ಹೋದ ವರ್ಷ ಜೂನ್ 5 ಹತ್ತಿರ ಬಂದಾಗ ಮಗಳ ಶಾಲೆಯಿಂದ ಮೆಸೇಜ್ ಬಂತು, ಪರಿಸರ ದಿನಕ್ಕೆ ಒಂದು ಮಾಡೆಲ್ ಮಾಡಿಕೊಂಡು ಬನ್ನಿ ಅಂತ. ರಾತ್ರಿ ಒಂಬತ್ತು ಗಂಟೆಗೆ ಸ್ಟೇಷನರಿ ಅಂಗಡಿಗೆ ಓಡಿದೆ. ಥರ್ಮಾಕೋಲ್ ಶೀಟು, ಗ್ಲಿಟರ್ ಪೇಪರ್, ಗಮ್ಮು, ಪ್ಲಾಸ್ಟಿಕ್ ಹುಲ್ಲು. ಹನ್ನೊಂದರ ತನಕ ಕೂತು ಭೂಮಿತಾಯಿಯನ್ನು ಮಾಡಿದೆವು. ಪಕ್ಕದಲ್ಲಿ 'ಪ್ಲಾಸ್ಟಿಕ್ ಬಿಡಿ' ಅಂತ ಬೋರ್ಡು ಬೇರೆ ನೆಟ್ಟೆವು. ಮುಂದಿನ ವಾರ ಆ ಭೂಮಿತಾಯಿ ವಾಪಸ್ ಬಂದು ನಮ್ಮ ಕಸದ ಬುಟ್ಟಿ ಪಕ್ಕದಲ್ಲಿ ನಿಂತಿದ್ದಳು. ಯಾವ ಬುಟ್ಟಿಗೆ ಹಾಕೋದು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನನ್ನ ಹತ್ತು ವರ್ಷದ ಮಗಳು ಓಝೋನ್ ಪದರದ ಬಗ್ಗೆ ಕೇಳಿದರೆ ಒಂದು ಪುಟ ಬರೆಯುತ್ತಾಳೆ. ಬಾಳೆಹಣ್ಣು ತಿಂದ ಸಿಪ್ಪೆಯನ್ನು ಮಾತ್ರ ಸೋಫಾ ಸಂದಿಗೆ ತುರುಕುತ್ತಾಳೆ. ಅವಳಿಗೆ ಗೊತ್ತಿಲ್ಲ ಅಂತಲ್ಲ, ಅವಳ ಕೈಗೆ ನಾವು ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ, ಅಷ್ಟೇ. ಹಾಗಾಗಿ ಮನೆಯಲ್ಲಿ ಒಂದು ಸಚಿವ ಸಂಪುಟ ರಚನೆ ಆಯಿತು. ಮಗಳಿಗೆ ಕಸದ ಖಾತೆ. ಆರು ವರ್ಷದ ಮಗನಿಗೆ ನೀರಿನ ಖಾತೆ. ಕರೆಂಟ್ ಖಾತೆ ಅವರಪ್ಪನಿಗೆ, ಯಾಕೆಂದರೆ ಗೀಜರ್ ಹಾಕಿ ಮರೆತು ಪೇಪರ್ ಓದುತ್ತಾ ಕೂರುವವರು ಅವರೇ. ನಮ್ಮಮ್ಮ ಸಾಗರದ ಕಡೆಯವರು, ವರ್ಷಕ್ಕೆ ನಾಲ್ಕೈದು ತಿಂಗಳು ನಮ್ಮ ಜೊತೆ ಇರುತ್ತಾರೆ. ಅವರಿಗೆ ಯಾವ ಖಾತೆಯೂ ಇಲ್ಲ, ಎಲ್ಲ ಖಾತೆಯಲ್ಲೂ ಮೂಗು ತೂರಿಸುತ್ತಾರೆ.

ನಾವಿರೋದು ಬೆಂಗಳೂರಿನಲ್ಲಿ, ಎರಡು ಬೆಡ್‌ರೂಮಿನ ಫ್ಲ್ಯಾಟು, ಎರಡು ಹೆಜ್ಜೆ ಅಗಲದ ಬಾಲ್ಕನಿ. ಅಷ್ಟರಲ್ಲೇ ಒಂದು ವರ್ಷದಿಂದ ಏನು ನಡೆಯಿತು, ಏನು ಕೈಕೊಟ್ಟಿತು ಅಂತ ಬರೆಯುತ್ತಿದ್ದೇನೆ. ನಿಮಗೆ ಬೇಕಾದ್ದು ತಗೊಳ್ಳಿ.

ಖಾತೆ ಹಂಚುವಾಗ

ಒಂದು ಮಗುವಿಗೆ ಒಂದೇ ಖಾತೆ. ನೀರೂ ನೋಡು, ಲೈಟೂ ಆರಿಸು, ಗಿಡಕ್ಕೂ ಹಾಕು ಅಂದರೆ ಮೂರು ದಿನದಲ್ಲಿ ಎಲ್ಲವೂ ಬಿದ್ದುಹೋಗುತ್ತದೆ. ಕೊಟ್ಟ ಮೇಲೆ ಅಧಿಕಾರವನ್ನೂ ಕೊಡಬೇಕು. ಕಸದ ಮಂತ್ರಿ "ಅಮ್ಮಾ, ಇದು ಹಸಿ ಕಸ ಅಲ್ಲ" ಅಂದರೆ ನೀವು ಎದ್ದು ಹೋಗಿ ತೆಗೆಯಬೇಕು, ಆಮೇಲೆ ಮಾಡ್ತೀನಿ ಹೋಗು ಅನ್ನೋ ಹಾಗಿಲ್ಲ. ಇದು ಕಷ್ಟ, ಮೊದಲೇ ಹೇಳಿಬಿಡುತ್ತೇನೆ.

ಕೆಲಸಕ್ಕೆ ದಿನದ ಒಂದು ಹೊತ್ತನ್ನು ಕಟ್ಟಿಹಾಕಿ. ನಮ್ಮಲ್ಲಿ ಸಂಜೆ ಹಾಲು ಕುಡಿದ ಮೇಲೆ ಹತ್ತು ನಿಮಿಷ. ಟೈಮ್ ಸಿಕ್ಕಾಗ ಮಾಡು ಅಂದರೆ ಮಕ್ಕಳಿಗೆ ಟೈಮ್ ಸಿಗೋದೇ ಇಲ್ಲ. ಇನ್ನು ಸ್ಟಾರ್ ಅಂಟಿಸೋದು, ಹತ್ತು ರೂಪಾಯಿ ಕೊಡೋದು ಇವನ್ನು ನಾನೂ ಮಾಡಿ ನೋಡಿದೆ. ಎರಡು ವಾರ ಜೋರಾಗಿ ನಡೆಯಿತು, ಆಮೇಲೆ ಮಗ "ಇವತ್ತು ಸ್ಟಾರ್ ಬೇಡ, ಕೆಲಸಾನೂ ಬೇಡ" ಅಂದ. ಅಲ್ಲಿಗೆ ಬಿಟ್ಟೆ. ಮೂರು-ನಾಲ್ಕು ವರ್ಷದ ಮಕ್ಕಳಾದರೆ ಖಾತೆ ಗೀತೆ ಏನೂ ಬೇಡ, ತುಳಸಿಗೆ ಪುಟ್ಟ ಚೊಂಬಿನಲ್ಲಿ ನೀರು ಹಾಕೋದು, ಬಟಾಣಿ ಬಿಡಿಸಿದ ಸಿಪ್ಪೆಯನ್ನು ಬುಟ್ಟಿಗೆ ಹಾಕೋದು, ಅಷ್ಟು ಸಾಕು.

ಕಸದ ಖಾತೆ

ಮೊದಲ ಕೆಲಸ ಸ್ವಲ್ಪ ಗಲೀಜು. ಒಂದು ಭಾನುವಾರ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ, ಮನೆಯ ಒಂದು ದಿನದ ಕಸ ಪೂರ್ತಿ ಸುರಿಯಿರಿ. ಪ್ಯಾಡು, ಡೈಪರು, ಬ್ಲೇಡು, ಒಡೆದ ಗಾಜು ಇಂಥವನ್ನು ನೀವೇ ಮೊದಲು ತೆಗೆದಿಡಿ. ಮಕ್ಕಳ ಕೈಗೆ ಗ್ಲೌಸ್ ಹಾಕಿ, ಗುಡ್ಡೆ ಮಾಡಲು ಹೇಳಿ. ನಮ್ಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತರಕಾರಿ ಸಿಪ್ಪೆ, ಟೀ ಚರಟ, ಉಳಿದ ಅನ್ನ. ಆಮೇಲೆ ಮೂರು ಹಾಲಿನ ಕವರು, ಕೊರಿಯರ್ ಬಂದ ಡಬ್ಬ, ಚಿಪ್ಸ್ ಪೊಟ್ಟಣ. ನಿಜವಾಗಿ ಏನೂ ಮಾಡಲಾಗದ ಕಸ ಒಂದು ಮುಷ್ಟಿಯಷ್ಟಿತ್ತು. ಮಗಳು ಅದನ್ನೇ ನೋಡುತ್ತಾ ಕೂತಳು. ಈ ಒಂದು ಗಂಟೆ ಹತ್ತು ಪೋಸ್ಟರಿಗೆ ಸಮ, ನನ್ನ ಮಟ್ಟಿಗೆ.

ಬೆಂಗಳೂರಿನ ನಿಯಮ ಗೊತ್ತಲ್ವಾ, ಎರಡು ಬುಟ್ಟಿ ಒಂದು ಚೀಲ. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು, ಡೈಪರು, ಬ್ಯಾಂಡೇಜಿನಂಥ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2015ರ ಕೊನೆಯಲ್ಲಿ ಹೈಕೋರ್ಟೇ ಹೇಳಿದ್ದು. ಯಾಕೆ ಹೇಳಬೇಕಾಯಿತು ಅಂತ ಮಗಳು ಕೇಳಿದಳು. ಮಂಡೂರಿನ ಕತೆ ಹೇಳಿದೆ. ನಮ್ಮ ಊರಿನ ಕಸವನ್ನೆಲ್ಲ ಲಾರಿಯಲ್ಲಿ ತುಂಬಿ ಆ ಹಳ್ಳಿ ಪಕ್ಕ ವರ್ಷಗಟ್ಟಲೆ ಗುಡ್ಡೆ ಹಾಕಿದರು, ಅಲ್ಲಿನವರು ನಾತ, ನೊಣ, ಕೆಟ್ಟ ನೀರು ತಡೆಯಲಾರದೆ ರಸ್ತೆಗೆ ಇಳಿದರು, 2014ರಲ್ಲಿ ಗಲಾಟೆ ಜೋರಾಗಿ ಅಲ್ಲಿಗೆ ಕಸ ಹಾಕೋದನ್ನು ನಿಲ್ಲಿಸಬೇಕಾಯಿತು. "ಅಂದರೆ ನಾವು ಬಿಸಾಕಿದ್ದು ಬೇರೆಯವರ ಮನೆ ಮುಂದೆ ಬೀಳುತ್ತಾ?" ಅಂದಳು. ಹೌದು, ಅಷ್ಟೇ ವಿಷಯ.

ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ ಅಂದರೆ ಹಾಲಿನ ಕವರು. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಕಬೇಡಿ, ಆ ಪುಟ್ಟ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಸ್ವಲ್ಪ ಸೀಳಿ, ಚೂರು ಕವರಿಗೇ ಅಂಟಿಕೊಂಡಿರಲಿ. ಹಾಲು ಬಗ್ಗಿಸಿದ ಮೇಲೆ ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಹಾಕಿ, ಕವರನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿ. ತೊಳೆಯದೆ ಚೀಲಕ್ಕೆ ಹಾಕಿದರೆ ಎರಡೇ ದಿನದಲ್ಲಿ ನಾತ, ಅದರ ಜೊತೆ ಇದ್ದ ಪೇಪರೂ ಹಾಳು. ಐವತ್ತು ಕವರು ಆದಾಗ ಮಗಳೇ ಗುಜರಿ ಅಂಗಡಿಗೆ ಹೋಗಿ ಹಾಕಿ ಬರುತ್ತಾಳೆ. ಸಿಗೋ ದುಡ್ಡು ಹೆಚ್ಚೇನಿಲ್ಲ, ಆದರೆ ಅದು ಅವಳದೇ. (ಇದು ಸಂಬಳ ಅಲ್ಲ, ವ್ಯಾಪಾರ, ಅಂತ ಅವಳ ವಾದ.) ಚಿಪ್ಸ್ ಪೊಟ್ಟಣವನ್ನು ಗುಜರಿಯವರು ಮುಟ್ಟಲಿಲ್ಲ. ಒಳಗಿನ ಬೆಳ್ಳಿ ಬಣ್ಣದ ಪದರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುತ್ತದೆ, ಬೇರೆ ಮಾಡಲು ಬರೋದಿಲ್ಲ. ಆವತ್ತಿಂದ ಚಿಪ್ಸ್ ನಿಂತಿಲ್ಲ, ಸುಳ್ಳು ಹೇಳಲಾರೆ, ಆದರೆ ಹತ್ತು ರೂಪಾಯಿಯ ಐದು ಪೊಟ್ಟಣದ ಬದಲು ಒಂದೇ ದೊಡ್ಡದು ತರುತ್ತೇವೆ.

ಇನ್ನು ಗೊಬ್ಬರದ ಬಕೆಟ್. ಇದಕ್ಕೆ ದುಬಾರಿ ಸಾಮಾನು ಬೇಡ. ಖಾಲಿಯಾದ 20 ಲೀಟರಿನ ಪೇಂಟ್ ಬಕೆಟ್ ಎರಡು ತಗೊಳ್ಳಿ, ಚೆನ್ನಾಗಿ ತೊಳೆದು ಪಕ್ಕಕ್ಕೂ ತಳಕ್ಕೂ ತೂತು ಹಾಕಿಸಿ, ಅಡಿಗೆ ಒಂದು ತಟ್ಟೆ ಇಡಿ. ತಳಕ್ಕೆ ಒಂದು ಗೇಣು ಒಣಗಿದ ಎಲೆ ಅಥವಾ ತೆಂಗಿನ ನಾರು. ದಿನಾ ಸಂಜೆ ತರಕಾರಿ ಸಿಪ್ಪೆ ಹಾಕಿ, ಅದರ ಮೇಲೆ ಸಿಪ್ಪೆ ಮುಚ್ಚುವಷ್ಟು ಒಣ ಎಲೆ ಇಲ್ಲವೇ ತೆಂಗಿನ ನಾರಿನ ಪುಡಿ. ಶುರುವಿನಲ್ಲಿ ಎರಡು ಚಮಚ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಹಳೇ ಗೊಬ್ಬರ ಹಾಕಿದರೆ ಬೇಗ ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ ಕೋಲಿನಿಂದ ಕೆದಕಬೇಕು, ಒಳಗೆ ಗಾಳಿ ಆಡದಿದ್ದರೆ ಕೊಳೆಯುತ್ತದೆ, ಗೊಬ್ಬರ ಆಗೋದಿಲ್ಲ. ಒಂದು ಬಕೆಟ್ ತುಂಬಿದ ಮೇಲೆ ಅದನ್ನು ಮುಚ್ಚಿ ಪಕ್ಕಕ್ಕಿಟ್ಟು ಎರಡನೆಯದನ್ನು ಶುರು ಮಾಡಿ. ಒಂದೂವರೆ-ಎರಡು ತಿಂಗಳಲ್ಲಿ ಮೊದಲನೆಯದು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಮಕ್ಕಳಿಗೆ ಒಂದು ಪರೀಕ್ಷೆ ಹೇಳಿಕೊಡಿ. ಗ್ಲೌಸ್ ಹಾಕಿಕೊಂಡು ಒಂದು ಹಿಡಿ ತೆಗೆದು ಹಿಂಡಬೇಕು. ನೀರು ತೊಟ್ಟಿಕ್ಕಿದರೆ ಒದ್ದೆ ಜಾಸ್ತಿ, ಒಣ ಎಲೆ ಹಾಕು. ಪುಡಿಯಾಗಿ ಉದುರಿದರೆ ಅಥವಾ ಇರುವೆ ಬಂದಿದ್ದರೆ ನೀರು ಚಿಮುಕಿಸು. ಚಿಗಳಿ ಉಂಡೆ ಥರ ನಿಂತರೆ ಸರಿಯಾಗಿದೆ. ನಾತಕ್ಕೂ ಮದ್ದು ಅದೇ, ಹತ್ತರಲ್ಲಿ ಒಂಬತ್ತು ಸಲ ಒದ್ದೆ ಜಾಸ್ತಿ ಆಗಿರುತ್ತದೆ. ಒಂದು ದಿನ ಮುಚ್ಚಳ ತೆಗೆದ ಮಗಳು ಕಿಟಾರನೆ ಕಿರುಚಿದಳು, ಒಳಗೆ ಬೆರಳಿನ ಗಂಟಿನಷ್ಟು ಉದ್ದದ ದಪ್ಪ ಹುಳಗಳು ಲುಕುಲುಕು ಅಂತಿದ್ದವು. ನಾನೂ ಹೆದರಿದೆ. ಅಮ್ಮ ಬಂದು ಇಣುಕಿ ನೋಡಿ, "ಅವು ತಿಂದಷ್ಟು ಬೇಗ ನೀವು ತಿನ್ನೋದಿಲ್ಲ, ಬಿಡಿ" ಅಂದರು. ಅವು ಒಂದು ಜಾತಿಯ ಕಪ್ಪು ನೊಣದ ಮರಿಗಳು, ಕಚ್ಚೋದಿಲ್ಲ, ರೋಗ ತರೋದಿಲ್ಲ, ಸಿಪ್ಪೆಯನ್ನು ಬಕಾಸುರನ ಹಾಗೆ ತಿಂದು ಮುಗಿಸುತ್ತವೆ. ಬೇಡ ಅನ್ನಿಸಿದರೆ ಒಣ ಎಲೆ ಜಾಸ್ತಿ ಮಾಡಿ.

ಬಕೆಟ್ಟಿಗೆ ಸಾರು, ಹಾಲು, ಎಣ್ಣೆ, ಮೂಳೆ ಹಾಕಬೇಡಿ. ತೆಂಗಿನ ಚಿಪ್ಪು ವರ್ಷವಾದರೂ ಹಾಗೇ ಇರುತ್ತದೆ, ನಾವು ಕೂಡಿಟ್ಟು ಊರಿಗೆ ಒಯ್ಯುತ್ತೇವೆ, ಅಲ್ಲಿನ ಬಚ್ಚಲೊಲೆಗೆ ಅದು ಬಂಗಾರ. ಪೂಜೆಯ ಹೂವು ಹಾಕಬಹುದು, ದಾರ ಬಿಡಿಸಿ.

ನೀರಿನ ಖಾತೆ

ಆರು ವರ್ಷದವನಿಗೆ ನೀರು ಉಳಿಸು ಅಂದರೆ ಏನು ಅರ್ಥ ಆಗುತ್ತದೆ? ಬಕೆಟ್ ಅರ್ಥ ಆಗುತ್ತದೆ. ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡೇ ಉಜ್ಜುತ್ತಿದ್ದ. ಬೈಯಲಿಲ್ಲ, ಒಂದು ದಿನ ಬೇಸಿನ್ ಬಿಟ್ಟು ಬಚ್ಚಲಲ್ಲಿ ಉಜ್ಜಲು ಹೇಳಿ, ನಲ್ಲಿ ಕೆಳಗೆ ಬಕೆಟ್ ಇಟ್ಟೆ. ಉಜ್ಜಿ ಮುಗಿಯೋ ಹೊತ್ತಿಗೆ ಬಕೆಟ್ ಮುಕ್ಕಾಲು ತುಂಬಿತ್ತು. ಆಮೇಲೆ ಒಂದು ಚೊಂಬು ನೀರಿನಲ್ಲಿ ಉಜ್ಜಿ ತೋರಿಸಿದೆ. ಅವನಿಗೆ ಅದು ಆಟ ಆಯಿತು, ಈಗ ಅರ್ಧ ಚೊಂಬಿನಲ್ಲಿ ಮುಗಿಸಿ ಜಂಭ ಕೊಚ್ಚುತ್ತಾನೆ. ನಿಜವಾಗಿ ಹಲ್ಲು ಉಜ್ಜುತ್ತಾನೋ ಇಲ್ಲವೋ ಅನ್ನೋದು ಬೇರೆ ಮಾತು.

ತೊಟ್ಟಿಕ್ಕೋ ನಲ್ಲಿಗೂ ಇದೇ ಉಪಾಯ. ಒಂದು ಲೀಟರಿನ ಬಾಟಲಿಯನ್ನು ಕೆಳಗಿಟ್ಟು, ತುಂಬಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ನೋಡಿ ಬರೆದುಕೊಳ್ಳಲಿ. ಒಂದು ಗಂಟೆಗೆ ಒಂದು ಬಾಟಲಿ ಆದರೆ ದಿನಕ್ಕೆ 24 ಲೀಟರ್, ಒಬ್ಬರ ಸ್ನಾನಕ್ಕೆ ಬೇಕಾದ ನೀರು. ಲೆಕ್ಕವನ್ನು ಮಗುವೇ ಮಾಡಿ ಅಪ್ಪನ ಮುಂದೆ ಹಿಡಿದರೆ ಪ್ಲಂಬರ್ ಆವತ್ತೇ ಬರುತ್ತಾನೆ, ನಾನು ಆರು ತಿಂಗಳು ಹೇಳಿದರೂ ಬಂದಿರಲಿಲ್ಲ.

ನಮ್ಮ ಊರಲ್ಲಿ ಅಮ್ಮನ ಮನೆಯಲ್ಲಿ ನೀರು ಒಂದೇ ಕೆಲಸಕ್ಕೆ ಬಳಕೆ ಆಗೋದೇ ಇಲ್ಲ. ಅಕ್ಕಿ ತೊಳೆದ ಅಕ್ಕಚ್ಚು ದನಕ್ಕೆ, ಬಚ್ಚಲು ನೀರು ಬಾಳೆ ಬುಡಕ್ಕೆ, ಕೆಸುವಿನ ಗಿಡಕ್ಕೆ. ಫ್ಲ್ಯಾಟಿನಲ್ಲಿ ದನ ಇಲ್ಲ, ಹಾಗಾಗಿ ಅಕ್ಕಚ್ಚು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಒಂದು ಪಾತ್ರೆಗೆ, ಅಲ್ಲಿಂದ ಬಾಲ್ಕನಿಯ ಗಿಡಕ್ಕೆ. ಇದು ನೀರಿನ ಮಂತ್ರಿಯ ದಿನದ ಕೆಲಸ. ವಾಟರ್ ಫಿಲ್ಟರಿನಿಂದ ಹೊರಹೋಗುವ ನೀರನ್ನೂ ಹಿಡಿಯಿರಿ. ಆರ್‌ಒ ಆದರೆ ಕುಡಿಯೋ ನೀರಿಗಿಂತ ಚೆಲ್ಲೋ ನೀರೇ ಜಾಸ್ತಿ. ಅದರಲ್ಲಿ ಉಪ್ಪಿನಂಶ ಹೆಚ್ಚಿರುವುದರಿಂದ ಗಿಡಕ್ಕೆ ದಿನಾ ಹಾಕಬೇಡಿ, ನೆಲ ಒರೆಸಲು, ಟಾಯ್ಲೆಟ್ಟಿಗೆ ಹಾಕಲು ಆಗುತ್ತದೆ. ಹಳೇ ದೊಡ್ಡ ಫ್ಲಶ್ ಟ್ಯಾಂಕ್ ಇದ್ದರೆ ಒಳಗೆ ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು, ಒಳಗಿನ ಭಾಗಗಳಿಗೆ ತಾಗದ ಹಾಗೆ, ನಿಲ್ಲಿಸಿ. ಪ್ರತಿ ಸಲಕ್ಕೂ ಒಂದು ಲೀಟರ್ ಉಳಿತಾಯ. ಮಗ ಇದನ್ನು ನೆಂಟರಿಗೆಲ್ಲ ಮುಚ್ಚಳ ತೆಗೆದು ತೋರಿಸುತ್ತಾನೆ, ಅದಕ್ಕೆ ಸಿದ್ಧರಾಗಿರಿ.

ಈ ನೀರು ಬರೋದು ಎಲ್ಲಿಂದ ಅಂತ ಮ್ಯಾಪ್ ಇಟ್ಟು ತೋರಿಸಿ. ಬೆಂಗಳೂರಿಗೆ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬರುತ್ತದೆ, ಅದೂ ಸುಮಾರು 500 ಮೀಟರ್ ಮೇಲಕ್ಕೆ, ಹಂತ ಹಂತವಾಗಿ ಪಂಪ್ ಮಾಡಿ. ಅಷ್ಟಕ್ಕೆಲ್ಲ ಕರೆಂಟ್ ಬೇಕು. ಮಗನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನೀರೂ ಅಪ್ಪನ ಖಾತೇನಾ?" ಅಂತ ಗಾಬರಿಯಾದ. 2024ರ ಬೇಸಿಗೆ ಅವನಿಗೆ ನೆನಪಿಲ್ಲ, ನಮಗೆ ಇದೆ. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತ ದಿನಗಳು, ಕುಡಿಯೋ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು.

ಬೇಸಿಗೆಯಲ್ಲಿ ಹಕ್ಕಿಗೆ ನೀರಿಡೋದೂ ಇದೇ ಖಾತೆ. ಮಣ್ಣಿನ ಬಟ್ಟಲು, ಎರಡು ಬೆರಳು ಆಳ ಸಾಕು. ದಿನಾ ಚೆಲ್ಲಿ, ಉಜ್ಜಿ, ಹೊಸ ನೀರು. ವಾರಗಟ್ಟಲೆ ಬಿಟ್ಟರೆ ಹಕ್ಕಿಗಿಂತ ಮೊದಲು ಸೊಳ್ಳೆ ಬರುತ್ತದೆ, ಡೆಂಗಿ ಹರಡೋ ಸೊಳ್ಳೆಗೆ ನಿಂತ ಶುದ್ಧ ನೀರೇ ಇಷ್ಟ.

ಕರೆಂಟ್

ಇದನ್ನು ಬೇಗ ಮುಗಿಸುತ್ತೇನೆ. ನಾವೆಲ್ಲ ಮಕ್ಕಳಿಗೆ "ಲೈಟ್ ಆರಿಸು" ಅಂತ ದಿನಕ್ಕೆ ಇಪ್ಪತ್ತು ಸಲ ಕೂಗುತ್ತೇವೆ. ಆರಿಸಲಿ, ಬೇಡ ಅನ್ನಲ್ಲ. ಆದರೆ 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ತಿನ್ನಲು 111 ಗಂಟೆ ಉರಿಯಬೇಕು, 2000 ವ್ಯಾಟಿನ ಗೀಜರ್ ಅರ್ಧ ಗಂಟೆಯಲ್ಲಿ ಅಷ್ಟನ್ನು ತಿಂದು ಮುಗಿಸುತ್ತದೆ. ಹಾಗಾಗಿ ಕೂಗಬೇಕಾದ್ದು ಗೀಜರಿಗೆ, ಐರನ್ ಬಾಕ್ಸಿಗೆ, ಎಸಿಗೆ. ವಾರಕ್ಕೊಂದು ಸಲ ಮಕ್ಕಳನ್ನು ಮೀಟರ್ ಹತ್ತಿರ ಕರೆದುಕೊಂಡು ಹೋಗಿ, ಅಂಕಿ ಬರೆದುಕೊಳ್ಳಲಿ, ಮೀಟರ್ ಮುಟ್ಟೋದು ಬೇಡ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೂ ಯೂನಿಟ್ ಸೊನ್ನೆ ಅಲ್ಲವಲ್ಲ, ಬಿಲ್ಲಿನ ಮೇಲೆ ಅದು ಇರುತ್ತದೆ, ಅದನ್ನೇ ನೋಡಿ. ಈ ಕರೆಂಟು ಶರಾವತಿಯ ನೀರಿನಿಂದಲೋ, ರಾಯಚೂರಿನಲ್ಲಿ ಸುಟ್ಟ ಕಲ್ಲಿದ್ದಲಿನಿಂದಲೋ, ಪಾವಗಡದ ಬಿಸಿಲಿನಿಂದಲೋ ಬಂದಿರುತ್ತದೆ ಅಂತ ಹೇಳಿದರೆ ಪ್ಲಗ್ಗಿನ ಹಿಂದೆ ಒಂದು ಊರು ಇದೆ ಅಂತ ಅವರಿಗೆ ಗೊತ್ತಾಗುತ್ತದೆ.

ಖಾತೆಗೆ ಸೇರದ ಕೆಲವು

ಚೀಲ ಮರೆಯೋದು ದೊಡ್ಡವರ ಕಾಯಿಲೆ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ ಇದೆ, ಆದರೂ ಕೈಚೀಲ ಇಲ್ಲದೆ ಹೋದರೆ ಎಲ್ಲಿಂದಲೋ ಒಂದು ಕವರ್ ಬಂದೇ ಬರುತ್ತದೆ. ಬಾಗಿಲ ಹಿಂದೆ ಗಾಡಿ ಕೀ ನೇತುಹಾಕುವ ಮೊಳೆಗೇ ಬಟ್ಟೆ ಚೀಲವನ್ನೂ ಹಾಕಿ. ಚೀಲ ತೆಗೆಯದೆ ಕೀ ಸಿಗಬಾರದು. ಇದು ಮಗಳ ಐಡಿಯಾ. ದೋಸೆ ಹಿಟ್ಟಿಗೆ, ಕೋಳಿಗೆ, ಮೀನಿಗೆ ಸ್ಟೀಲ್ ಡಬ್ಬ ಒಯ್ಯಿರಿ, ಮೊದಲೆರಡು ಸಲ ಅಂಗಡಿಯವರು ನಗುತ್ತಾರೆ, ಆಮೇಲೆ ಅವರೇ ಡಬ್ಬ ಕೇಳುತ್ತಾರೆ.

ಮಾರ್ಚ್ ಕೊನೆಯಲ್ಲಿ ಹಳೇ ನೋಟ್‌ಬುಕ್ಕುಗಳ ಖಾಲಿ ಹಾಳೆ ಹರಿದು ಬೈಂಡಿಂಗ್ ಅಂಗಡಿಗೆ ಕೊಟ್ಟರೆ ಎರಡು-ಮೂರು ದಪ್ಪ ರಫ್ ಬುಕ್ ಆಗುತ್ತವೆ. ನಾವು ಚಿಕ್ಕವರಿದ್ದಾಗ ಇದು ಬಡತನ ಅನ್ನಿಸುತ್ತಿತ್ತು. ಆಟಿಕೆಯ ಸೆಲ್ಲು, ಕೆಟ್ಟ ಇಯರ್‌ಫೋನು ಕಸಕ್ಕೆ ಬೇಡ, ಒಂದು ಡಬ್ಬದಲ್ಲಿ ಕೂಡಿಡಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಗಣೇಶನ ಹಬ್ಬಕ್ಕೆ ಬಣ್ಣ ಇಲ್ಲದ ಜೇಡಿಮಣ್ಣಿನ ಗಣಪ, ವಿಸರ್ಜನೆ ಮನೆಯ ಬಕೆಟ್ಟಿನಲ್ಲಿ. ರಾತ್ರಿ ಬಿಟ್ಟ ಗಣಪ ಬೆಳಗ್ಗೆ ಹೊತ್ತಿಗೆ ಕರಗಿದ್ದು ನೋಡಿ ಮಗ ಅತ್ತ, ಆ ಮಣ್ಣಿನಲ್ಲೇ ಮೆಂತ್ಯ ಬಿತ್ತಿ ನಾಲ್ಕು ದಿನಕ್ಕೆ ಮೊಳಕೆ ಬಂದಾಗ ಸುಮ್ಮನಾದ.

ಹುಟ್ಟುಹಬ್ಬಕ್ಕೆ ಸ್ಟೀಲ್ ತಟ್ಟೆ ಲೋಟ, ಇಲ್ಲದಿದ್ದರೆ ಅಡಿಕೆ ಹಾಳೆ ತಟ್ಟೆ. ತಟ್ಟೆ ತೊಳೆಯೋದು ಯಾರು ಅನ್ನೋ ಜಗಳ ನಮ್ಮಲ್ಲೂ ಆಯಿತು, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ತೊಂದರೆ ಬಂದೇ ಬರುತ್ತದೆ

ಅಧಿಕಾರ ಸಿಕ್ಕಿದ ಮೇಲೆ ಮಂತ್ರಿಗಳು ತಲೆ ಮೇಲೆ ಕೂರುತ್ತಾರೆ. ಮಗಳು ಒಂದು ಸಲ ಮನೆಗೆ ಬಂದಿದ್ದ ದೊಡ್ಡಮ್ಮನಿಗೆ, ತಟ್ಟೆಯಲ್ಲಿ ಅನ್ನ ಬಿಟ್ಟಿದ್ದಕ್ಕೆ, ಎಲ್ಲರ ಎದುರು ಪಾಠ ಮಾಡಿದಳು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳೋದು ಗೊತ್ತಾಗಲಿಲ್ಲ. ಆಮೇಲೆ ಒಂದು ನಿಯಮ ಆಯಿತು, ಖಾತೆ ಹೊಸ್ತಿಲ ಒಳಗೆ ಇರೋ ನಾಲ್ಕು ಜನಕ್ಕೆ ಮಾತ್ರ, ನೆಂಟರ ಮೇಲೆ ಅಧಿಕಾರ ಇಲ್ಲ. ಅಜ್ಜಿ ಮೇಲಂತೂ ಇಲ್ಲವೇ ಇಲ್ಲ.

ಮೂರು ತಿಂಗಳಿಗೆ ಬೇಸರ ಬರುತ್ತದೆ. ಆಗ ಒತ್ತಾಯ ಮಾಡಬೇಡಿ, ಖಾತೆ ಬದಲಾವಣೆ ಮಾಡಿ. ನಾವು ದೀಪಾವಳಿಗೆ ಒಂದು ಸಲ, ಯುಗಾದಿಗೆ ಒಂದು ಸಲ ಬದಲಿಸಿದೆವು. ಯಾರೂ ತಗೊಳ್ಳದ ಖಾತೆ ಅಪ್ಪನಿಗೆ ಹೋಗುತ್ತದೆ. ಒಂದು ವಾರ ಗೊಬ್ಬರದ ಬಕೆಟ್ ಯಾರೂ ಕೆದಕದೆ ನಾತ ಹೊಡೆದರೆ ಮಗುವಿಗೆ ಬೈಯಬೇಡಿ, ನೀವೂ ಸದ್ದಿಲ್ಲದೆ ಕೆದಕಬೇಡಿ. ವಾಸನೆ ಬಂದು ಅವರೇ ಬಂದು ಕೇಳಲಿ.

ರಜೆಗೆ ಊರಿಗೆ ಹೊರಟಾಗ ಬಕೆಟ್ ಏನು ಮಾಡೋದು ಅಂತ ತುಂಬ ಜನ ಕೇಳುತ್ತಾರೆ. ಹೊರಡುವ ದಿನ ಹೊಸ ಸಿಪ್ಪೆ ಹಾಕಬೇಡಿ, ಒಂದು ಸಲ ಚೆನ್ನಾಗಿ ಕೆದಕಿ, ಮೇಲೆ ದಿನಾ ಹಾಕೋದರ ಎರಡರಷ್ಟು ಒಣ ಎಲೆ ಹಾಕಿ ಮುಚ್ಚಿ. ಹದಿನೈದು ದಿನ ಏನೂ ಆಗೋದಿಲ್ಲ. ಗೀಜರಿನ ಮೇನ್ ಸ್ವಿಚ್ ಆರಿಸಿ, ಫಿಲ್ಟರಿನ ನಲ್ಲಿ ಕಟ್ಟಿ, ಹಕ್ಕಿಯ ಬಟ್ಟಲನ್ನು ಕವುಚಿ ಹಾಕಿ. ಗಿಡಗಳಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಕೀ ಕೊಡುವಾಗ ಹಾಲಿನ ಕವರ್ ತೊಳೆಯೋದನ್ನು ಹೇಳಿಕೊಡಬೇಡ ಅಂತ ಮಗಳಿಗೆ ಮೊದಲೇ ಹೇಳಿರಿ.